ಪಟ್ಟಿಯ ಮೊದಲ ಸಾಲು

ನನ್ನ ಹತ್ತಿರ ಕೆಂಪು ರಟ್ಟಿನ ಒಂದು ನೋಟ್‌ಬುಕ್ ಇತ್ತು. ಪುಟಕ್ಕೊಂದು ಮಗು: ಊರು, ಪರೀಕ್ಷೆಯ ನಂಬರು, ಅದರ ಕೆಳಗೆ ಪಾಸ್‌ವರ್ಡ್. ಅರ್ಜಿಯಲ್ಲಿ ಫೋನ್ ನಂಬರ್ ಕೇಳುವ ಕಡೆ ನನ್ನವೆರಡು, ನಮ್ಮ ಯಜಮಾನರದೊಂದು, ತಮ್ಮನದೊಂದು ಹೀಗೆ ಹಂಚಿ ಹಾಕುತ್ತಿದ್ದೆ. ಆ ಮಕ್ಕಳ ಮನೆಯಲ್ಲಿರುವುದು ಒಂದೇ ಫೋನು. ಅದು ಅಪ್ಪನ ಜೊತೆ ಶಿಫ್ಟಿಗೆ ಹೋಗುತ್ತದೆ. ಒಟಿಪಿ ಬರುವ ಹೊತ್ತಿಗೆ ಕಾರ್ಖಾನೆ ಗೇಟಿನ ಲಾಕರಿನಲ್ಲಿ ಕೂತಿರುತ್ತದೆ, ಇಲ್ಲವೇ ರೀಚಾರ್ಜ್ ಮುಗಿದಿರುತ್ತದೆ. ಹಾಗಾಗಿ ಎಲ್ಲ ಕೀಲಿಕೈಗಳೂ ನನ್ನ ಕೈಯಲ್ಲಿದ್ದವು. ಆಗ ಅದು ನನಗೆ ಉಪಕಾರದ ಹಾಗೆ ಕಾಣುತ್ತಿತ್ತು.

ಹೊಸಪೇಟೆಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ನಾನು ಜೀವಶಾಸ್ತ್ರ ಕಲಿಸುತ್ತಿದ್ದೆ. ಭಾನುವಾರ ನಮ್ಮ ಮನೆಯ ಮಹಡಿಯಲ್ಲಿ ಗಾದಿಗನೂರು, ವಡ್ಡು, ಇನ್ನೂ ಸುತ್ತಲಿನ ಊರುಗಳ ಮಕ್ಕಳಿಗೆ ಪಾಠ. ಪರೀಕ್ಷೆ ಮುಗಿದ ಮೇಲೆ ಅವರ ಅರ್ಜಿ ತುಂಬುವುದೂ ನನ್ನ ಕೆಲಸವೇ. ಅವರ ಮನೆಗಳಲ್ಲಿ ಕಾಲೇಜಿನ ಮುಖ ನೋಡಿದವರು ಯಾರೂ ಇರಲಿಲ್ಲ. ಸರ್ಟಿಫಿಕೇಟುಗಳನ್ನು ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತರುತ್ತಿದ್ದರು. ಕೆಲವು ಅಂಕಪಟ್ಟಿಗಳ ಮೂಲೆಯಲ್ಲಿ ತಾಯಂದಿರು ಹಚ್ಚಿದ ಕುಂಕುಮ ಇರುತ್ತಿತ್ತು. ಸೆಮಿಸ್ಟರ್ ಅಂದರೆ ಏನು, ಕೌನ್ಸೆಲಿಂಗ್ ಅಂದರೆ ಏನು ಅಂತ ಒಂದೊಂದನ್ನೂ ಬಿಡಿಸಿ ಹೇಳಬೇಕು. ನನಗೆ ತಾಳ್ಮೆ ಕಡಿಮೆ. ಎರಡು ಸಲ ಹೇಳಿ ಮೂರನೆಯ ಸಲಕ್ಕೆ, "ಸರಿ ಬಿಡು, ನಾನೇ ಹಾಕ್ತೀನಿ" ಎಂದು ಮೌಸ್ ಕಸಿದುಕೊಳ್ಳುತ್ತಿದ್ದೆ. ಕಂಪ್ಲಿಯಲ್ಲಿ ನಮ್ಮಪ್ಪನಿಗೆ ಅಕ್ಕಿ ಗಿರಣಿ ಇತ್ತು. ಅಲ್ಲಿ ಯಾರನ್ನೂ ಕೇಳುವ ಪದ್ಧತಿ ಇರಲಿಲ್ಲ, ಹೇಳುವ ಪದ್ಧತಿ ಮಾತ್ರ. ಅವನ ಬೇರೆ ಯಾವ ಗುಣವೂ ನನಗೆ ಬರಲಿಲ್ಲ, ಇದೊಂದು ಚೆನ್ನಾಗಿ ಬಂತು.

ಒಂದು ವರ್ಷ ವಡ್ಡುವಿನಿಂದ ಒಬ್ಬ ಹುಡುಗಿ ಬರುತ್ತಿದ್ದಳು, ಆ ತಂಡದಲ್ಲಿ ಎಲ್ಲರಿಗಿಂತ ಚುರುಕು. ಅಪ್ಪ ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಗಾರ, ತಾಯಿ ಆಗಾಗ ಕಳೆ ಕೀಳಲು ಹೋಗುವವಳು. ಒಬ್ಬಳೇ ಮಗಳು. ನರ್ಸಿಂಗ್ ಓದಬೇಕು ಅನ್ನುವುದನ್ನು ಬಿಟ್ಟು ಬೇರೆ ಮಾತು ಅವಳ ಬಾಯಲ್ಲಿ ಬರುತ್ತಿರಲಿಲ್ಲ. ಅವಳ ಮೇಲೆ ನನಗಿದ್ದ ದೂರು ಒಂದೇ. ಎಲ್ಲೂ ಒಂದು ರಾತ್ರಿ ಉಳಿಯುತ್ತಿರಲಿಲ್ಲ. ಕಾಲೇಜಿನ ಪ್ರವಾಸಕ್ಕೆ ಬರಲಿಲ್ಲ. ಪರೀಕ್ಷೆಗೆ ಮುಂಚೆ ಹುಡುಗಿಯರನ್ನೆಲ್ಲ ಮೂರು ದಿನ ನಮ್ಮ ಮನೆಯಲ್ಲೇ ಇಟ್ಟುಕೊಂಡು ಓದಿಸಿದೆ. ಅವಳು ಮಾತ್ರ ಸಂಜೆಯಾದರೆ ಚೀಲ ಹೆಗಲಿಗೆ ಹಾಕಿ ಬಸ್‌ಸ್ಟ್ಯಾಂಡಿಗೆ ನಡೆಯುತ್ತಿದ್ದಳು.

"ಇನ್ನೂ ಅವ್ವನ ಸೆರಗು ಬಿಡೂದು ಆಗಿಲ್ಲೇನು ನಿನಗ?" ಎಂದು ಎಲ್ಲರ ಮುಂದೆ ಕೇಳಿದ್ದೆ. ಹುಡುಗಿಯರು ನಕ್ಕರು. ಅವಳೂ ನಕ್ಕಳು. ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಕೂತಿದ್ದಳು.

ಸೀಟು ಹಂಚುವ ರೀತಿಯನ್ನು ನಾನು ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದೆ. ಬೇಕಾದ ಕಾಲೇಜುಗಳನ್ನು ಮೇಲಿನಿಂದ ಕೆಳಗೆ ಪಟ್ಟಿ ಮಾಡಬೇಕು. ಕಂಪ್ಯೂಟರ್ ಮೇಲಿನ ಸಾಲಿನಿಂದ ನೋಡುತ್ತ ಬರುತ್ತದೆ. ಯಾವುದು ಮೊದಲು ಸಿಕ್ಕಿತೋ ಅದೇ ನಿಮ್ಮದು, ಅದರ ಕೆಳಗಿನವೆಲ್ಲ ಅಳಿಸಿಹೋಗುತ್ತವೆ. ಇಷ್ಟು ಹೇಳಿ ಪ್ರತಿ ವರ್ಷ ನನ್ನದೇ ಒಂದು ಮಾತು ಸೇರಿಸುತ್ತಿದ್ದೆ: ಮೊದಲ ಸಾಲು ಆಸೆಗೆ, ಎರಡನೆಯ ಸಾಲು ಅನ್ನಕ್ಕೆ. ಸಿಗಲಿ ಬಿಡಲಿ, ಮೇಲೆ ಒಂದು ದೊಡ್ಡದು ಇರಬೇಕು. ಚಿಕ್ಕದನ್ನೇ ಕೇಳಿ ಕೇಳಿ ಈ ಮಕ್ಕಳ ಬಾಯಿ ಚಿಕ್ಕದಾಗಿದೆ ಅಂತ ನನ್ನ ವಾದ.

ಅವಳ ಪಟ್ಟಿ ತುಂಬುವ ದಿನ ಮೊದಲ ಸಾಲಿಗೆ ಬೆಂಗಳೂರಿನ ಒಂದು ದೊಡ್ಡ ಕಾಲೇಜು ಹಾಕಿದೆ, ಎರಡನೆಯದಕ್ಕೆ ಬಳ್ಳಾರಿಯದು.

"ಬೆಂಗಳೂರು ಬ್ಯಾಡ್ರಿ ಮೇಡಂ. ಬಳ್ಳಾರಿ ಒಂದ ಸಾಕು."

"ಯಾಕ?"

"ದೂರ ಆಕ್ಕತ್ರಿ."

"ದೂರ ಅಂದ್ರ? ರೈಲಿನ್ಯಾಗ ಮಲಗಿದ್ರ ಬೆಳಗಾಗೂದ್ರಾಗ ಹೋಗಿ ಮುಟ್ತಿ. ಮತ್ತ ನಿನ್ನ ರ‍್ಯಾಂಕಿಗೆ ಅದೇನು ಸಿಗಂಗಿಲ್ಲ. ಸುಮ್ನ ಮ್ಯಾಲ ಇರ್ಲಿ."

ಅವಳು ಅಂಕಪಟ್ಟಿಗಳನ್ನು ಮತ್ತೆ ಕವರಿನಲ್ಲಿ ಸುತ್ತತೊಡಗಿದಳು. ನಾನು ಮತ್ತೆ ಕೇಳಲಿಲ್ಲ. ಆ ಮೊದಲ ಸಾಲು ಅವಳ ಆಸೆಯಾಗಿರಲಿಲ್ಲ, ನನ್ನದಾಗಿತ್ತು. ಪಿಯುಸಿ ಮುಗಿಸಿದಾಗ ನನಗೆ ಬೆಂಗಳೂರಿನಲ್ಲಿ ಸೀಟು ಸಿಕ್ಕಿತ್ತು. ಆ ಕಾಗದವನ್ನು ಅಪ್ಪ ಗಿರಣಿಯ ಗಲ್ಲಾಪೆಟ್ಟಿಗೆಯೊಳಗೆ ಹಾಕಿಟ್ಟು, ತಾರೀಖು ದಾಟಿದ ಮೇಲೆ ತೆಗೆದುಕೊಟ್ಟಿದ್ದ. ಅವತ್ತಿನಿಂದ ನನ್ನ ಹೊಟ್ಟೆಯೊಳಗೆ ಕೂತಿದ್ದ ಬೆಂಗಳೂರನ್ನು ವರ್ಷ ವರ್ಷವೂ ಯಾವುದೋ ಮಗುವಿನ ಹೆಸರಿನಲ್ಲಿ ಬರೆಯುತ್ತಿದ್ದೆ. ಇದು ನನಗೆ ಅರ್ಥವಾದದ್ದು ಈಗ.

ಮೊದಲು ಒಂದು ಅಣಕು ಹಂಚಿಕೆ ಬರುತ್ತದೆ. ಯಾರಿಗೆ ಏನು ಸಿಗಬಹುದು ಎಂಬ ಅಂದಾಜು, ಅಷ್ಟೇ. ಅದನ್ನು ನೋಡಿ ಪಟ್ಟಿ ಬದಲಿಸಿಕೊಳ್ಳಲು ಒಂದೆರಡು ದಿನ ಬಿಡುತ್ತಾರೆ. ಅದರಲ್ಲಿ ಅವಳಿಗೆ ಬಳ್ಳಾರಿ ಬಂತು. ಮಾರನೆಯ ದಿನ ಅಪ್ಪ, ಮಗಳು ಇಬ್ಬರೂ ಬಂದರು. ಅವನ ಕೈಯಲ್ಲಿ ಬಸ್‌ಸ್ಟ್ಯಾಂಡಿನ ಅಂಗಡಿಯ ಜಿಲೇಬಿ ಪೊಟ್ಟಣ, ಕಾಗದವೆಲ್ಲ ಎಣ್ಣೆಯಾಗಿತ್ತು. ಕುರ್ಚಿಯಲ್ಲಿ ಕೂರಲು ಒಪ್ಪದೆ ಬಾಗಿಲ ಹತ್ತಿರ ನಿಂತೇ ಇದ್ದ.

"ಬಳ್ಳಾರಿ ಅಂದ್ರ ಭಾಳ ಚಲೋ ಆತ್ರಿ ಮೇಡಂ. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜಿಗೆ ಮನಿಗಿ ಬರ್ತಾಳ. ಇನ್ನ ಬದ್ಲಾಗಂಗಿಲ್ಲಲ್ರಿ?"

"ಇಲ್ಲ," ಎಂದೆ.

ಅವಳು ನನ್ನ ಹತ್ತಿರ ಬಂದು ಮೆಲ್ಲಗೆ, "ಮ್ಯಾಲಿಂದು ತಗದುಬಿಡ್ರಿ ಮೇಡಂ," ಅಂದಳು.

ತೆಗೆಯುವುದಕ್ಕೆ ಎಷ್ಟು ಹೊತ್ತು? ನೋಟ್‌ಬುಕ್ ತೆಗೆದು, ಪಾಸ್‌ವರ್ಡ್ ಹಾಕಿ, ಒಂದು ಸಾಲು ಅಳಿಸಬೇಕು. ಐದು ನಿಮಿಷದ ಕೆಲಸ. "ಇರ್ಲಿ ಬಿಡವಾ, ಅದೇನು ನಿನ್ನ ಕಚ್ಚತೈತಿ?" ಎಂದೆ. ಅಪ್ಪ ನಕ್ಕ. ಮೇಡಂ ತಮಾಷೆ ಮಾಡಿದರು ಅಂದರೆ ನಗಬೇಕು ಎಂದು ಅವನಿಗೆ ಗೊತ್ತಿತ್ತು. ಜಿಲೇಬಿ ತಿಂದೆವು.

ನಿಜವಾದ ಹಂಚಿಕೆ ಪ್ರಕಟವಾದ ದಿನ ನಾನು ನೆಂಟರನ್ನು ಕರೆದುಕೊಂಡು ಹಂಪಿಗೆ ಹೋಗಿದ್ದೆ. ಬಿಸಿಲಿಗೆ ಬೇಸತ್ತು ಹೊಳೆಯ ದಂಡೆಯ ನೆರಳಿನಲ್ಲಿ ಕೂತು ಒಬ್ಬೊಬ್ಬರ ಫಲಿತಾಂಶ ತೆಗೆದು ನೋಡುತ್ತಿದ್ದೆ. ಅವಳ ಹೆಸರಿನ ಮುಂದೆ ಬೆಂಗಳೂರು ಅಂತ ಇತ್ತು. ಮೇಲಿನ ರ‍್ಯಾಂಕಿನವರು ಬೇರೆ ಕೋರ್ಸುಗಳಿಗೆ ಹೋಗಿದ್ದರೋ ಏನೋ, ಸೀಟು ಅವಳ ತನಕ ಇಳಿದು ಬಂದಿತ್ತು. ಹೇಳಲು ನಾಚಿಕೆಯಾಗುತ್ತದೆ, ನನಗೆ ಆದದ್ದು ಸಂತೋಷ. ಕಣ್ಣು ತುಂಬುವಷ್ಟು ಸಂತೋಷ. "ನಮ್ಮ ಹುಡುಗಿಗೆ ಬೆಂಗಳೂರು ಸಿಕ್ತು," ಎಂದು ನೆಂಟರಿಗೆಲ್ಲ ಹೇಳಿದೆ. ಅವಳ ಮನೆಗೆ ಫೋನ್ ಹಚ್ಚಿದರೆ ಸ್ವಿಚ್ ಆಫ್.

ಸಂಜೆ ಅವಳೇ ಫೋನ್ ಮಾಡಿದಳು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, "ಮತ್ತ ಬಳ್ಳಾರಿ?" ಅಂದಳು.

"ಅದು ಹೋತಲ್ಲ. ಮ್ಯಾಲಿಂದು ಸಿಕ್ತಂದ್ರ ಕೆಳಗಿಂದು ಇರಂಗಿಲ್ಲ, ಹೇಳಿದ್ನಲ್ಲ?"

ಅವಳು ಫೋನ್ ಇಟ್ಟಳು.

ಮರುದಿನ ಬೆಳಿಗ್ಗೆ ವಡ್ಡುವಿಗೆ ಹೋದೆ. ಅವಳ ಅಪ್ಪನಿಗೆ ಬುದ್ಧಿ ಹೇಳಿ ಒಪ್ಪಿಸಿ ಬರುವುದೇ ನನ್ನ ಯೋಚನೆ. ಹಾಸ್ಟೆಲ್ ಇದೆ, ವಿದ್ಯಾರ್ಥಿವೇತನ ಇದೆ, ಹೆಣ್ಣುಮಕ್ಕಳು ಈಗ ಎಲ್ಲಿಗೆ ಬೇಕಾದರೂ ಹೋಗುತ್ತಾರೆ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಅವನು ಆಗಷ್ಟೇ ರಾತ್ರಿ ಪಾಳಿ ಮುಗಿಸಿ ಬಂದು ಅಂಗಳದಲ್ಲಿ ಕಾಲು ತೊಳೆಯುತ್ತಿದ್ದ. "ಬರ್ರಿ ಮೇಡಂ, ಒಳಗ ಕುಂದ್ರಿ," ಎಂದು ಚಾಪೆ ಹಾಸಿದ. ತಾಯಿ ಚಹಾ ತಂದಳು. ಲೋಟ ಕೊಡುವಾಗ ಅವಳ ಮುಂಗೈಯಿಂದ ಮೊಣಕೈಯವರೆಗೆ ಸುಟ್ಟ ಕಲೆ ಕಾಣಿಸಿತು. ಹಣೆಯ ಮೇಲೆ ಹೊಲಿಗೆ ಹಾಕಿದ ಗುರುತು.

ಅವನು ದನಿ ಇಳಿಸಿ ಹೇಳಿದ. "ನನ್ನ ಹೆಂಡ್ತಿಗಿ ಫಿಟ್ಸ್ ಬರ್ತಾವ್ರಿ. ಹಗಲು ಬಂದ್ರ ಬಾಜೂಕ ನನ್ನ ತಂಗಿ ಅದಾಳ, ನೋಡ್ತಾಳ. ನಿದ್ದ್ಯಾಗ ಬಂದ್ರ ಮಗ್ಗಲಾಗ ಯಾರರ ಇರಬೇಕು, ಒಂದು ಮಗ್ಗಲಿಗೆ ಹೊಳ್ಳಿಸಿ ಮಲಗಿಸಬೇಕು. ನನಗ ನೈಟ್ ಶಿಫ್ಟ್ ತಪ್ಪಂಗಿಲ್ಲ. ಹತ್ತು ವರ್ಷದಾಕಿ ಇದ್ದಾಗಿಂದ ಈ ಮಗಳು ಅವ್ವನ ಮಗ್ಗಲಾಗ ಮಲಗ್ತಾಳ್ರಿ."

"ಒಂದು ಮಾತು ಹೇಳಬಾರದಿತ್ತಾ ನನಗ?"

"ಊರಾಗ ಗೊತ್ತಾದ್ರ ನಾಳಿ ಈಕಿಗಿ ಗಂಡು ಸಿಗಂಗಿಲ್ರಿ. ತಾಯಿಗಿ ಐತಿ ಅಂದ್ರ ಮಗಳಿಗೂ ಬರತೈತಿ ಅಂತಾರ. ಯಾರ ಮುಂದೂ ಹೇಳಬ್ಯಾಡ ಅಂತ ನಾವ ಆಣಿ ಹಾಕಿಸಿದ್ವಿ."

ಹುಡುಗಿ ಒಳಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅವಳು ಅತ್ತಿದ್ದರೆ, ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಮಾತಾಡಿದ್ದು ತಾಯಿ. ಲೋಟ ತೆಗೆದುಕೊಳ್ಳಲು ಬಗ್ಗಿದವಳು ಹಾಗೆಯೇ ಕೂತುಬಿಟ್ಟಳು.

"ನನ್ನಿಂದ ಆತ್ರಿ ಮೇಡಂ. ಸಿಕ್ಕ ಸೀಟು ನನ್ನ ಸಲುವಾಗಿ ಹೋತು. ನಾ ಒಬ್ಬಾಕಿ ಇಲ್ಲದಿದ್ರ ಹೋಗತಿದ್ಳು."

ಆಗ ನಾನು ಹೇಳಬೇಕಿತ್ತು. ನಿಮ್ಮಿಂದ ಅಲ್ಲ, ನಿಮ್ಮ ಮಗಳು ಎರಡು ಸಲ ಬೇಡ ಅಂದಳು, ನಾನು ಕೇಳಲಿಲ್ಲ, ಬಳ್ಳಾರಿಯನ್ನು ಕಳೆದವಳು ನಾನು ಅಂತ. ನಾಲಿಗೆಯ ತುದಿಗೆ ಬಂದಿತ್ತು. ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಇಪ್ಪತ್ತು ವರ್ಷ ಪಾಠ ಮಾಡಿದ ಬಾಯಿ ಅದು. "ನಿಯಮನ ಹಂಗೈತ್ರಿ, ಏನು ಮಾಡೂದು," ಎಂದಿತು. ಹುಡುಗಿ ಒಳಗೆ ಹೋದಳು. ಅಪ್ಪ ಹೌದೆನ್ನುವಂತೆ ತಲೆಯಾಡಿಸಿದ.

ಆಮೇಲೆ ಓಡಾಡದೆ ಇರಲಿಲ್ಲ. ಸಹಾಯವಾಣಿಗೆ ಫೋನು, ಕಚೇರಿಗೆ ಅರ್ಜಿ, ಗೊತ್ತಿದ್ದವರ ಕೈಕಾಲು ಹಿಡಿದದ್ದು, ಎಲ್ಲ ಆಯಿತು. ಅಳಿಸಿದ್ದು ಅಳಿಸಿದ್ದೇ, ಮುಂದಿನ ಸುತ್ತಿಗೂ ಬರುವುದಿಲ್ಲ ಎಂದರು. ಬಳ್ಳಾರಿಯ ಆ ಸೀಟು ಯಾರಿಗೋ ಹೋಯಿತು. ಖಾಸಗಿ ಕಾಲೇಜು ಅವರ ಕೈಗೆ ಎಟಕುವಂಥದ್ದಲ್ಲ. ಮುಂದಿನ ವರ್ಷ ಮತ್ತೆ ಪರೀಕ್ಷೆ ಬರೆ ಎಂದು ಎರಡು ಸಲ ಮೆಸೇಜ್ ಹಾಕಿದೆ. ಓದಿದ ಗುರುತು ಬಂತು, ಉತ್ತರ ಬರಲಿಲ್ಲ. ಮಹಡಿಯ ಪಾಠ ನಿಲ್ಲಿಸಿದೆ. ಕೇಳಿದವರಿಗೆ ಮಂಡಿನೋವು ಎಂದೆ. ಕೆಂಪು ನೋಟ್‌ಬುಕ್ಕನ್ನು ಹರಿದು ಒಲೆಗೆ ಹಾಕಿದೆ.

ಮೂರು ವರ್ಷದ ನಂತರ ಚೋರನೂರಿನ ಒಬ್ಬ ಹುಡುಗಿಗಾಗಿ ಮತ್ತೆ ಅರ್ಜಿ ತುಂಬಿಸಲು ಹೊರಟೆ. ಅವಳ ಅಪ್ಪ ಎರಡು ಸಲ ಮನೆ ಬಾಗಿಲಿಗೆ ಬಂದಿದ್ದ. ಮನೆಯಲ್ಲಿ ತುಂಬಲು ಧೈರ್ಯ ಬರಲಿಲ್ಲ. ಸಂಡೂರಿನ ಬಸ್‌ಸ್ಟ್ಯಾಂಡ್ ಎದುರಿಗಿನ ಆನ್‌ಲೈನ್ ಸೆಂಟರಿಗೆ ಅಪ್ಪ, ಮಗಳು ಇಬ್ಬರಿಗೂ ಬರಲು ಹೇಳಿದೆ. ಒಳಗೆ ಹೋದರೆ ಕಂಪ್ಯೂಟರಿನ ಮುಂದೆ ಕೂತಿದ್ದವಳು ವಡ್ಡುವಿನ ಹುಡುಗಿ.

"ಬರ್ರಿ ಮೇಡಂ," ಎಂದು ಎದ್ದು ಕುರ್ಚಿ ಕೊಟ್ಟಳು. ಬೆಳಿಗ್ಗೆ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಮನೆ ಸೇರುವ ಕೆಲಸ. ಅದಷ್ಟೇ ಅವಳಿಗೆ ಬೇಕಾಗಿದ್ದದ್ದು, ಆದರೆ ಬಳ್ಳಾರಿಯ ಕಾಲೇಜಿಗೆ.

ಚೋರನೂರಿನ ಹುಡುಗಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಅವಳು ಅರ್ಜಿ ತೆರೆಯುವ ಮೊದಲೇ ಕೇಳತೊಡಗಿದಳು. ನಿಮ್ಮ ಮನ್ಯಾಗ ಯಾರ್ಯಾರದಾರ? ಯಾರಿಗರ ಆರಾಮ ಇಲ್ಲೇನು? ರಾತ್ರಿ ಹೊರಗ ಉಳಿಯಾಕ ಆಗತೈತೇನು ನಿನಗ? ಹುಡುಗಿ ತಡವರಿಸಿದಾಗ ನಾನು ಬಾಯಿ ಹಾಕಿ, "ಹಾಸ್ಟೆಲಿಗೆ ಹೋಗ್ತಾಳ ಆಕಿ," ಎಂದೆ.

"ಆಕಿ ಹೇಳ್ಲಿ ಬಿಡ್ರಿ ಮೇಡಂ," ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ದಿನಕ್ಕೆ ಹತ್ತು ಜನರಿಗೆ ಹೇಳುವ ಮಾತಿನಂತಿತ್ತು.

ಮೌಸನ್ನು ಹುಡುಗಿಯ ಕೈಗೇ ಕೊಟ್ಟು ಪಟ್ಟಿ ಮಾಡಿಸಿದಳು. ಮುಗಿದ ಮೇಲೆ ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದಳು. ನಾನು ಅಭ್ಯಾಸದಿಂದ ಕೈ ಚಾಚಿದ್ದೆ. ಅವಳು ಚೀಟಿಯನ್ನು ಹುಡುಗಿಯ ಮುಷ್ಟಿಯಲ್ಲಿಟ್ಟು ಮಡಚಿದಳು.

ಅಪ್ಪ, ಮಗಳು ಹೊರಗೆ ಹೋದ ಮೇಲೆ ನಾನು ಕೇಳಿದೆ, "ಅವ್ವ ಹೆಂಗದಾಳ?"

"ಅದಾಳ್ರಿ. ಗುಳಿಗಿ ನಡದಾವ." ಪ್ರಿಂಟರಿಗೆ ಕಾಗದ ತುಂಬುತ್ತ ಹೇಳಿದಳು, "ಈಗೂ ಅದನ್ನ ಅಂತಾಳ, ನನ್ನಿಂದ ಆತು ಅಂತ. ಯಾರರ ನರ್ಸಮ್ಮ ಮನಿ ಮುಂದ ಹಾದು ಹೋದ್ರ ಸಾಕು, ಅವತ್ತು ಉಣ್ಣಂಗಿಲ್ಲ."

ನಾನು ಹೇಳಿದೆ, "ನಿಮ್ಮವ್ವಗ ಹೇಳವಾ, ನಿನ್ನಿಂದ ಅಲ್ಲ, ಆ ಮೇಡಂನಿಂದ ಆದದ್ದು ಅಂತ."

"ನಾ ಭಾಳ ಸಲ ಹೇಳೀನ್ರಿ. ನಂಬಂಗಿಲ್ಲ. ಮೇಡಮ್ಮರು ತಮ್ಮ ಬಾಯಿಲೆ ನಿಯಮ ಅಂದಾರ, ನೀ ನನ್ನ ಸಮಾಧಾನಕ್ಕ ಅಂತಿ ಅಂತಾಳ." ಮೊದಲ ಸಲ ನನ್ನ ಮುಖ ನೋಡಿದಳು. "ನೀವ ಬಂದು ಹೇಳ್ರಿ. ನಾಕಕ್ಕ ವಡ್ಡುಗೆ ಬಸ್ಸೈತಿ."

"ಬರ್ತೀನಿ," ಎಂದು ಹೊರಗೆ ಬಂದು ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತೆ. ಅದಿರಿನ ಲಾರಿಗಳು ಸಾಲಾಗಿ ಹೋಗುತ್ತಿದ್ದವು, ಸೀರೆಯ ಮೇಲೆಲ್ಲ ಕೆಂಪು ಧೂಳು. ಅಲ್ಲಿಗೆ ಹೋಗಿ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಹೇಳಿಕೊಂಡು ನೋಡಿದೆ. ಮೂರೇ ಮೂರು ಸಾಲಿನ ಮಾತು. ನಾಲ್ಕಕ್ಕೆ ಎರಡು ಬಸ್ಸುಗಳು ಒಂದರ ಹಿಂದೊಂದು ಬಂದು ನಿಂತವು, ಮುಂದಿನದು ವಡ್ಡುವಿನದು. ನಾನು ಹೊಸಪೇಟೆಯದನ್ನು ಹತ್ತಿದೆ.