ನಮ್ಮ ಹಿತ್ತಲಲ್ಲಿದ್ದ ಡೋಲ್ಮಾ

ಆಗೆಲ್ಲ ತುಮಕೂರಿಗೆ ಚಳಿಗಾಲ ಬಂತೆಂದು ನಮಗೆ ಮೊದಲು ಹೇಳುತ್ತಿದ್ದುದು ಮೂಗು. ಬೀದಿಯಲ್ಲಿ ರಾಶಿ ಹಾಕಿದ ಅವರೆಕಾಯಿಯ ಸೊಗಡು, ಕಾನ್ವೆಂಟಿನ ಅಡುಗೆಮನೆಯಲ್ಲಿ ಸಿಸ್ಟರುಗಳು ಕೇಕಿಗೆ ಕುಟ್ಟುವ ಲವಂಗ, ಆಮೇಲೆ ನಮ್ಮ ಮನೆಯ ಹೊರಕೋಣೆಯಿಂದ ಬರುವ ಹೊಸ ಉಲ್ಲನ್ನಿನ ಮತ್ತು ನುಸಿಗುಳಿಗೆಯ ವಾಸನೆ. ನಿಮ್ಮೂರಿನ ಬಸ್ ಸ್ಟ್ಯಾಂಡ್ ಪಕ್ಕದಲ್ಲೂ ಟಿಬೆಟಿನವರು ಸ್ವೆಟರ್ ಅಂಗಡಿ ಹಾಕುತ್ತಿದ್ದರೆ ಈ ಕೊನೆಯ ವಾಸನೆ ನಿಮಗೂ ನೆನಪಿರುತ್ತದೆ.

ಪ್ರತಿ ವರ್ಷ ಚಳಿ ಶುರುವಾಗುತ್ತಲೇ ಬೈಲಕುಪ್ಪೆಯ ಟಿಬೆಟನ್ ಶಿಬಿರದಿಂದ ಒಂದು ಸಂಸಾರ ಬಂದು ನಮ್ಮ ಹೊರಕೋಣೆಯನ್ನು ಬಾಡಿಗೆಗೆ ಹಿಡಿಯುತ್ತಿತ್ತು. ಗಂಡ ಹೆಂಡತಿ ಬೆಳಗ್ಗೆಯೇ ಸ್ವೆಟರಿನ ಗಂಟು ಹೊತ್ತು ಅಂಗಡಿ ಹಾಕಲು ಹೋಗುತ್ತಿದ್ದರು. ಕೋಣೆಯಲ್ಲಿ ಉಳಿಯುತ್ತಿದ್ದವರು ಅವರ ಮಗಳು ಡೋಲ್ಮಾ ಮತ್ತು ಡೋಲ್ಮಾಳ ಅಜ್ಜಿ. ಅವರ ಮಾತಿನಲ್ಲಿ ಅಜ್ಜಿಗೆ ಮೋಲಾ ಅನ್ನುತ್ತಾರೆ. ನಾವೂ ಆಕೆಯನ್ನು ಮೋಲಾ ಎಂದೇ ಕರೆಯುತ್ತಿದ್ದೆವು. ಡೋಲ್ಮಾ ನನಗಿಂತ ಒಂದು ವರ್ಷ ಚಿಕ್ಕವಳು. ಕೆನ್ನೆಯಲ್ಲಿ ಸದಾ ಚಳಿಗೆ ಒಡೆದ ಸಣ್ಣ ಗೆರೆಗಳು. ಕುಂಟಾಬಿಲ್ಲೆಯಲ್ಲಿ ಸೋತರೆ, “ಏ, ನೀನು ಗೆರೆ ತುಳಿದೆ ಕಣೇ, ಸುಳ್ಳಿ!” ಎಂದು ನಮ್ಮ ಬೀದಿಯ ಹುಡುಗಿಯರಂತೆಯೇ ಜಗಳಕ್ಕೆ ಬರುತ್ತಿದ್ದಳು.

ನಾನು ಹೇಳಹೊರಟಿರುವ ವರ್ಷ ಅವರು ಬಂದದ್ದು ಒಂದು ಮಧ್ಯಾಹ್ನ. ನಾನೂ ನನ್ನ ಅಜ್ಜಿಯೂ ಹಿತ್ತಲಲ್ಲಿ ಕೂತು ನೆನೆಸಿದ ಅವರೆಕಾಳು ಹಿಸುಕುತ್ತಿದ್ದೆವು. ಒಂದು ಎಲೆಯೂ ಅಲ್ಲಾಡದ ಹೊತ್ತು. ಇದ್ದಕ್ಕಿದ್ದಂತೆ ಹಿತ್ತಲ ತೆಂಗಿನ ಮರದಿಂದ ಒಂದು ಗರಿ ಕಳಚಿ, ಯಾರೋ ಮೆಲ್ಲಗೆ ಇಳಿಸಿದ ಹಾಗೆ ನೆಲಕ್ಕೆ ಬಂತು. ಒಣಗಿದ ಗರಿಯಲ್ಲ, ಅರ್ಧ ಹಸಿರಾಗಿದ್ದದ್ದು.

ಅಜ್ಜಿ ಕೈ ನಿಲ್ಲಿಸಲಿಲ್ಲ. “ಬಂದ್ರು ಕಣೇ. ಹೋಗಿ ಬಾಗ್ಲು ತೆಗಿ.”

“ಯಾರಜ್ಜಿ?”

“ಇನ್ಯಾರು, ನಮ್ ಡೋಲಮ್ಮ.”

ನಾನು ನಡುಮನೆ ದಾಟುವಷ್ಟರಲ್ಲಿ ಗೇಟಿನ ಚಿಲಕ ಸದ್ದಾಯಿತು.

ಆ ಮರದ ಕಥೆ ನಮ್ಮ ಬೀದಿಗೆಲ್ಲ ಗೊತ್ತಿತ್ತು. ಡೋಲ್ಮಾ ಹುಟ್ಟಿದ್ದೇ ನಮ್ಮ ಹೊರಕೋಣೆಯಲ್ಲಿ, ಸ್ವೆಟರಿನ ಗಂಟುಗಳ ನಡುವೆ. ದಿನ ತುಂಬುವ ಮೊದಲೇ ಅವಳ ಅಮ್ಮನಿಗೆ ನೋವು ಬಂದು, ಆಸ್ಪತ್ರೆಗೆ ಹೋಗಲು ಆಟೋ ಹುಡುಕುವಷ್ಟರಲ್ಲಿ ಹೆರಿಗೆ ಆಗಿಯೇ ಹೋಯಿತಂತೆ. ಮಗುವನ್ನು ಕೈಯಲ್ಲಿ ಹಿಡಿದವರು ನಮ್ಮಜ್ಜಿ. ಆಮೇಲೆ ಬಿದ್ದ ಮಾಸನ್ನು ಅಜ್ಜಿ ತಮ್ಮ ಊರಿನ ಪದ್ಧತಿಯಂತೆ ಹೊಸ ಗಡಿಗೆಯಲ್ಲಿಟ್ಟು, ಅರಿಶಿನ ಹಾಕಿ, ಬಾಯಿ ಮುಚ್ಚಿ, ಹಿತ್ತಲಲ್ಲಿ ಹೂತರು. ಪಕ್ಕದಲ್ಲೇ, ಗುಬ್ಬಿ ಕಡೆಯ ನಮ್ಮ ತೋಟದಿಂದ ತಂದ ತೆಂಗಿನ ಸಸಿ ನೆಟ್ಟರು. ಮಾಸು ಹೂತ ಮಣ್ಣು ಮನುಷ್ಯರನ್ನು ಸಾಯುವತನಕ ಗುರುತು ಹಿಡಿಯುತ್ತದೆ ಎಂದು ಅಜ್ಜಿ ನಂಬಿದ್ದರು.

ನಾನು ಹುಟ್ಟಿದ್ದು ಮಸ್ಕತ್ತಿನಲ್ಲಿ. ಅಪ್ಪ ಅಲ್ಲಿನ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವ ಕೆಲಸದಲ್ಲಿದ್ದರು. ನನಗೆ ಬುದ್ಧಿ ತಿಳಿಯುವ ಮೊದಲೇ ವಾಪಸು ಬಂದರು. “ನಂದನ್ನ ಎಲ್ಲಿ ಹೂತ್ರು?” ಎಂದು ಕೇಳಿದರೆ ಅಮ್ಮ, “ಆಸ್ಪತ್ರೆಯವರು ಏನ್ಮಾಡಿದ್ರೋ ಯಾರಿಗೆ ಗೊತ್ತು, ಊಟ ಮಾಡು” ಎನ್ನುತ್ತಿದ್ದರು. ಹಿತ್ತಲಿಗೆ ಹೋದಾಗೆಲ್ಲ ಆ ಮರ ನನ್ನನ್ನು ನೋಡಿಯೂ ನೋಡದಂತೆ ನಿಂತಿದೆ ಅನ್ನಿಸುತ್ತಿತ್ತು.

ಡಿಸೆಂಬರಿನಲ್ಲಿ ನಮ್ಮ ಕಾನ್ವೆಂಟಿನಲ್ಲಿ ಕ್ರಿಸ್‌ಮಸ್ ಕಾರ್ಯಕ್ರಮ. ಲೋಕದ ಮಕ್ಕಳೆಲ್ಲ ಬಾಲ ಯೇಸುವಿಗೆ ಕಾಣಿಕೆ ತರುವ ದೃಶ್ಯ. ನಾನು ಜರಿ ಲಂಗ ಉಟ್ಟು, ಹಿತ್ತಾಳೆ ದೀಪ ಹಿಡಿದು ಇಂಡಿಯಾ ಆಗಬೇಕಿತ್ತು. ಡೋಲ್ಮಾಳ ಶಾಲೆಗೆ ಚಳಿಗಾಲದ ರಜೆ ಇದ್ದುದರಿಂದ ತಾಲೀಮು ನೋಡಲು ಅವಳನ್ನೂ ಕರೆದುಕೊಂಡು ಹೋದೆ. ಜಪಾನ್ ಆಗಬೇಕಿದ್ದ ಹುಡುಗಿಗೆ ಚಿಕನ್ ಪಾಕ್ಸ್ ಆಗಿತ್ತು. ಸಿಸ್ಟರ್ ಡೋಲ್ಮಾಳನ್ನು ನೋಡಿದ್ದೇ ಮುಖ ಅರಳಿಸಿ, ಕಾಗದದ ಬೀಸಣಿಗೆಯನ್ನು ಅವಳ ಕೈಗಿಟ್ಟರು.

“ನಾನು ಇಂಡಿಯಾ ಆಗ್ತೀನಿ ಸಿಸ್ಟರ್.”

“ಇಂಡಿಯಾಗೆ ಹುಡುಗಿ ಇದಾಳಲ್ಲ ಮರಿ.”

“ನಾನ್ ಇಲ್ಲೇ ಹುಟ್ಟಿರೋದು. ಇದೇ ಊರಲ್ಲಿ. ಬೇಕಾದ್ರೆ ಇವಳನ್ನೇ ಕೇಳಿ.”

ಸಿಸ್ಟರ್ ಒಳ್ಳೆಯವರು. ಬೈಯಲಿಲ್ಲ. ಅವಳ ಗಲ್ಲ ಹಿಡಿದು, “ಹೌದು ಪುಟ್ಟಾ, ಆದ್ರೆ ನೋಡಿದವ್ರಿಗೆ ಗೊತ್ತಾಗಬೇಕಲ್ಲ?” ಎಂದರು. ಹಿಂದಿನ ಸಾಲಿನ ಹುಡುಗಿಯರು ಕಿಸಕ್ಕನೆ ನಕ್ಕರು. ಡೋಲ್ಮಾ ಬೀಸಣಿಗೆಯನ್ನು ಮಡಿಚಿ ಬೆಂಚಿನ ಮೇಲಿಟ್ಟಳು, ತುಂಬ ಜೋಪಾನವಾಗಿ.

ಮನೆಗೆ ಬಂದು ಹೇಳಿದಾಗ ಅಜ್ಜಿ ಉರಿದುಬಿದ್ದರು. “ಮುಖ ನೋಡಿ ಊರು ಹೇಳಾಕೆ ಅವ್ರೇನು ಶಾನುಭೋಗ್ರಾ? ಇವ್ಳು ಮಸ್ಕತ್ತು, ಅವ್ಳು ತುಮ್ಕೂರು. ತಲೆಕೆಳಗೆ ಮಾಡವ್ರೆ!”

ಕೋಣೆಯ ಬಾಗಿಲಲ್ಲಿ ಜಪಮಣಿ ಎಣಿಸುತ್ತ ಕೂತಿದ್ದ ಮೋಲಾ ಏನಾಯಿತೆಂದು ಕೇಳಿದರು. ಡೋಲ್ಮಾ ಅವರ ಭಾಷೆಯಲ್ಲಿ ಹೇಳಿದಳು. ಮೋಲಾ ನಿಧಾನವಾಗಿ ಏನೋ ಅಂದರು.

“ಏನಂತಮ್ಮ ನಿಮ್ಮಜ್ಜಿ?” ಎಂದರು ನಮ್ಮಜ್ಜಿ.

ಡೋಲ್ಮಾ ನೆಲ ನೋಡಿದಳು. “ನೀನು ಅದೂ ಅಲ್ಲ, ಇದೂ ಅಲ್ಲ, ನಮ್ಮೋಳು ಅಂತಿದ್ದಾಳೆ. ಅಪ್ಪನ ಅಪ್ಪ, ಅವರಪ್ಪ ಎಲ್ರೂ ಎಲ್ಲಿಯೋರೋ ನೀನೂ ಅಲ್ಲಿಯೋಳೇ ಅಂತೆ. ಮುಂದಿನ ವರ್ಷ ದೇಶಕ್ಕೆ ವಾಪಸ್ ಹೋಗ್ತೀವಂತೆ.”

“ಪ್ರತಿ ವರ್ಸ ಹಂಗೇ ಅಂತಾಳೆ, ಬುಡು. ಹೆತ್ತಾಗ ಹಿಡ್ದಿದ್ದು ನನ್ ಕೈ.”

ಆ ರಾತ್ರಿ ಡೋಲ್ಮಾಳಿಗೆ ಜ್ವರ ಬಂತು.

ಅದು ವಿಚಿತ್ರ ಜ್ವರ. ಆಮೇಲೆ ರಾತ್ರಿಯಲ್ಲೂ ಬೆಳಗ್ಗೆಯೂ ಇರುತ್ತಿರಲಿಲ್ಲ. ನೆತ್ತಿಯ ಮೇಲೆ ಬಿಸಿಲು ಬಂದು, ಬೀದಿಯಲ್ಲಿ ನಾಯಿಯೂ ಬೊಗಳದ ಹೊತ್ತಾಗುತ್ತಲೇ ಏರುತ್ತಿತ್ತು. ಆಗ ಅವಳು ಎದ್ದು, ಕಣ್ಣು ತೆರೆದುಕೊಂಡೇ ನಿದ್ದೆಯಲ್ಲಿದ್ದವಳ ಹಾಗೆ ಹಿತ್ತಲಿಗೆ ಹೋಗಿ, ಮರಕ್ಕೆ ಕಿವಿ ಒತ್ತಿ ನಿಲ್ಲುತ್ತಿದ್ದಳು. ಒಮ್ಮೆ ನಾನು ಅವಳ ತೋಳು ಹಿಡಿದೆ. ಕಾದ ಪಾತ್ರೆ ಮುಟ್ಟಿದಂತಾಯಿತು.

“ಏನೇ ಕೇಳ್ತಿದೀಯ?”

“ಕೆಳಗೆ ಯಾರೋ ಓಡಾಡ್ತಾವ್ರೆ.”

ನಾನೂ ಕಿವಿ ಇಟ್ಟೆ. ನನಗೆ ಏನೂ ಕೇಳಿಸಲಿಲ್ಲ. ಮರ ಮಾತ್ರ ತಣ್ಣಗಿತ್ತು, ಆ ಬಿಸಿಲಿನಲ್ಲೂ.

ಡಾಕ್ಟರು ಮಾತ್ರೆ ಕೊಟ್ಟರು, ರಕ್ತ ಪರೀಕ್ಷೆ ಮಾಡಿಸಿದರು, ಏನೂ ಇಲ್ಲ ಎಂದರು. ಡೋಲ್ಮಾ ದಿನದಿನಕ್ಕೆ ಸೊರಗಿದಳು. ಅಜ್ಜಿ ಮಾಡಿದ ಹಿತಕಿದ ಬೇಳೆ ಸಾರನ್ನು ಅವಳು ಬೇಡವೆಂದ ದಿನ, ಅಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡದ್ದನ್ನು ಕಂಡೆ. ಮಗು ಉಳಿಯುತ್ತದೋ ಇಲ್ಲವೋ ಎಂದು ದೊಡ್ಡವರು ನಮಗೆ ಕೇಳಿಸದಂತೆ ಮಾತಾಡಿಕೊಳ್ಳುತ್ತಿದ್ದರು.

ಇಬ್ಬರು ಅಜ್ಜಿಯರೂ ಕಾರಣ ಗೊತ್ತಿದೆ ಎಂದೇ ನಂಬಿದ್ದರು. ಆದರೆ ಇಬ್ಬರ ಕಾರಣವೂ ಬೇರೆ ಬೇರೆ.

“ಕರ್ಕೊಂಡೋಗ್ತೀವಿ, ಕರ್ಕೊಂಡೋಗ್ತೀವಿ ಅಂತ ಆಯಮ್ಮ ದಿನಾ ಅಂದ್ರೆ ಮಗು ಹೆದರಾಕಿಲ್ವಾ? ಈ ಮಣ್ಣು ಬುಡ್ತಾ ಇಲ್ಲ,” ಎನ್ನುತ್ತಿದ್ದರು ನಮ್ಮಜ್ಜಿ.

ಮೋಲಾ ಹೇಳುತ್ತಿದ್ದುದನ್ನು ಡೋಲ್ಮಾಳೇ ನನಗೆ ತಿಳಿಸಿದಳು: “ನನ್ನ ಒಂದು ಪಾಲು ಮಣ್ಣಲ್ಲಿದೆಯಂತೆ. ಅದನ್ನ ತೆಗೆದು ಜೊತೇಲಿ ಒಯ್ಯದಿದ್ರೆ ನಾನು ಎಲ್ಲಿಗೂ ಪೂರ್ತಿ ಸೇರಲ್ವಂತೆ.” ಆಮೇಲೆ ಕೇಳಿದಳು, “ನಾನು ಯಾವೂರೋಳೇ?”

ನಾನು ಜಡೆ ಹೆಣೆಯುವವಳಂತೆ ಅವಳ ಹಿಂದಕ್ಕೆ ಸರಿದು ಕೂತೆ.

ಸಂಕ್ರಾಂತಿಗೆ ಮುಂಚೆ ಒಂದು ದಿನ ಅಜ್ಜಿ ಗುಬ್ಬಿಗೆ ನೆಂಟರ ಮನೆಗೆಂದು ಹೊರಟರು. ಅಮ್ಮ ಊಟ ಮುಗಿಸಿ ಮಲಗಿದ್ದರು. ಹಿತ್ತಲಲ್ಲಿ ದಪ್, ದಪ್ ಎಂದು ಸದ್ದು ಕೇಳಿ ಹೋಗಿ ನೋಡಿದರೆ, ಮೋಲಾ ಉದ್ದನೆಯ ನಿಲುವಂಗಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ನಮ್ಮದೇ ಗುದ್ದಲಿಯಿಂದ ಮರದ ಬುಡ ಅಗೆಯುತ್ತಿದ್ದರು. ಡೋಲ್ಮಾ ಮಾರಾಟದ ಕೆಂಪು ಶಾಲು ಹೊದ್ದು ಪಕ್ಕದಲ್ಲಿ ನಡುಗುತ್ತ ನಿಂತಿದ್ದಳು. ಕೂಗಿ ಅಮ್ಮನನ್ನು ಎಬ್ಬಿಸಬೇಕೆಂದುಕೊಂಡೆ; ಬದಲಿಗೆ ಒಂದು ಹೆಜ್ಜೆ ಮುಂದೆ ಹೋಗಿ ನೋಡಿದೆ.

ಗುದ್ದಲಿಗೆ ಗಡಿಗೆ ತಾಗಿತು. ಮೋಲಾ ಮಂಡಿಯೂರಿ ಬೆರಳಿನಿಂದ ಮಣ್ಣು ಬಿಡಿಸಿದರು. ಗಡಿಗೆ ಒಡೆದಿರಲಿಲ್ಲ. ಬಾಯಿಯ ಮುಚ್ಚಳ ಮಾತ್ರ ಒಂದು ಬದಿಗೆ ಎದ್ದಿತ್ತು; ಅಲ್ಲಿಂದ ತೆಂಗಿನ ಬೇರುಗಳು ಒಳಗೆ ಹೋಗಿದ್ದವು. ಮೋಲಾ ಮುಚ್ಚಳ ತೆಗೆದರು. ಒಳಗೆ ಬೇರೆ ಏನೂ ಇರಲಿಲ್ಲ. ಬೇರುಗಳೇ ಸುತ್ತಿ ಸುತ್ತಿ ಗಡಿಗೆ ತುಂಬ ಮಲಗಿದ್ದವು, ಮಂಡಿಯನ್ನು ಎದೆಗೆ ಎಳೆದುಕೊಂಡು ಮಲಗಿದ ಮಗುವಿನಂತೆ.

ಮೋಲಾ ಅದನ್ನು ಎರಡೂ ಕೈಯಿಂದ ಹಿಡಿದು ಎಳೆದರು.

ಡೋಲ್ಮಾ ಚೀರಿದಳು. ಹೊಟ್ಟೆ ಹಿಡಿದು ನೆಲಕ್ಕೆ ಕುಸಿದಳು. ಅವರ ಭಾಷೆಯನ್ನು ಬಿಟ್ಟು ನಮ್ಮ ಮಾತಿನಲ್ಲೇ ಕೂಗಿದಳು: “ಎಳೀಬ್ಯಾಡ ಮೋಲಾ, ನೋಯ್ತದೆ!”

ಮೋಲಾ ಕೈಬಿಟ್ಟರು. ಅದೇ ಹೊತ್ತಿಗೆ ನನ್ನ ಹಿಂದೆ ಯಾರೋ ಏದುಸಿರು ಬಿಡುವುದು ಕೇಳಿಸಿತು. ಅಜ್ಜಿ. ಸಂಜೆಗೆ ಬರಬೇಕಾದವರು ಗುಬ್ಬಿ ಮುಟ್ಟುವ ಮೊದಲೇ ಬಸ್ಸಿಳಿದು ವಾಪಸು ಬಂದಿದ್ದರು. ಬಸ್ಸಿನಲ್ಲಿ ಕೂತಿದ್ದಾಗ ಅವರಿಗೆ ಯಾಕೋ ಕರುಳು ಹಿಂಡಿದಂತಾಯಿತಂತೆ.

ಇನ್ನು ದೊಡ್ಡ ರಂಪವಾಗುತ್ತದೆ ಎಂದುಕೊಂಡೆ. ಅಜ್ಜಿ ಕೂಗಲಿಲ್ಲ. ಗುಂಡಿಯ ಆಚೆ ದಡದಲ್ಲಿ ಕೂತು ಒಳಗೆ ನೋಡಿದರು.

“ಕೊಡಾಕಾಗಾಕಿಲ್ಲ ಕಣಮ್ಮ,” ಎಂದರು ಮೋಲಾಗೆ, ಮೆತ್ತಗೆ. “ಇದು ಈಗ ನಂದೂ ಅಲ್ಲ, ನಿಂದೂ ಅಲ್ಲ. ನೋಡು, ಮರ ತಗೊಂಬುಟ್ಟದೆ.”

ಮೋಲಾಗೆ ಕನ್ನಡ ಬರುತ್ತಿರಲಿಲ್ಲ. ಆದರೂ ತಲೆಯಾಡಿಸಿದರು. ಬೇರಿನ ಮೇಲೆ ಕೈಯಿಟ್ಟು, ಅದು ಡೋಲ್ಮಾಳ ನೆತ್ತಿಯೋ ಎಂಬಂತೆ ಸವರಿದರು. ಅಜ್ಜಿ ಗಡಿಗೆಯ ಸುತ್ತಲಿನ ಮಣ್ಣನ್ನು ಒಂದು ಚಿಟಿಕೆ ತೆಗೆದು, ಹಿಡಿಕೋ ಎಂಬಂತೆ ಚಾಚಿದರು. “ಇಷ್ಟು ತಗೊಂಡೋಗು.”

ಮೋಲಾ ಕೊರಳಲ್ಲಿದ್ದ ಪುಟ್ಟ ಬೆಳ್ಳಿ ಡಬ್ಬಿಯನ್ನು ಬಿಚ್ಚಿದರು. ಅದರಲ್ಲಿ ಆಗಲೇ ಮಣ್ಣಿತ್ತು. ಬೂದಿಯಂಥ, ನಮ್ಮ ಕೆಂಪು ಮಣ್ಣಿಗೆ ಏನೇನೂ ಹೋಲದ ಮಣ್ಣು. ಹರೆಯದಲ್ಲಿ ಟಿಬೆಟಿನಿಂದ ಬೆಟ್ಟ ದಾಟಿ ಓಡಿ ಬರುವಾಗ ತಂದದ್ದಂತೆ. ಅಜ್ಜಿ ಕೊಟ್ಟದ್ದಕ್ಕೆ ಡಬ್ಬಿಯಲ್ಲಿ ಜಾಗ ಇರಲಿಲ್ಲ. ಮೋಲಾ ಡಬ್ಬಿಯನ್ನು ಓರೆಮಾಡಿ, ಅರ್ಧದಷ್ಟು ಬೂದಿಮಣ್ಣನ್ನು ಗಡಿಗೆಯೊಳಕ್ಕೆ ಉದುರಿಸಿ, ಆ ಜಾಗಕ್ಕೆ ಕೆಂಪು ಮಣ್ಣು ತುಂಬಿಕೊಂಡರು. ಅಜ್ಜಿ ಬೇಡ ಅನ್ನಲಿಲ್ಲ. ಇಬ್ಬರೂ ಸೇರಿ ಗುಂಡಿ ಮುಚ್ಚಿದರು.

ಡೋಲ್ಮಾಳ ಜ್ವರ ಇಳಿಯಿತು. ಎಲ್ಲರೂ ಮಾತ್ರೆ ನಾಟಿತು ಎಂದರು. ಮಾರನೆಯ ಮಧ್ಯಾಹ್ನ ಅವಳು ಮರಕ್ಕೆ ಕಿವಿಯಿಟ್ಟು, ನನ್ನ ಕಡೆ ತಿರುಗಿ ನಕ್ಕಳು.

“ಈಗ ಇಬ್ರು ಓಡಾಡ್ತಾವ್ರೆ ಕಣೇ.”

ಆ ವರ್ಷದಿಂದ ನಾನು ಮಧ್ಯಾಹ್ನದ ಹೊತ್ತು ಹಿತ್ತಲಿಗೆ ಒಬ್ಬಳೇ ಹೋಗುವುದನ್ನು ಬಿಟ್ಟೆ.

ಮುಂದಿನ ಚಳಿಗಾಲಕ್ಕೆ ಮೋಲಾ ಬರಲಿಲ್ಲ. ದೇಶಕ್ಕೂ ಹೋಗಲಿಲ್ಲ, ಬೈಲಕುಪ್ಪೆಯಲ್ಲೇ ತೀರಿಕೊಂಡರು. ಡೋಲ್ಮಾಳ ಅಪ್ಪ ಅಮ್ಮ ಇನ್ನೂ ಒಂದೆರಡು ವರ್ಷ ಬಂದು, ಆಮೇಲೆ ಬೇರೆ ಊರಿನಲ್ಲಿ ಅಂಗಡಿ ಹಾಕಿದರು. ನಮ್ಮಜ್ಜಿಯೂ ತೀರಿಹೋದರು. ನಾನು ಮದುವೆಯಾಗಿ ಕುಣಿಗಲ್ಲಿಗೆ ಬಂದೆ. ನನ್ನ ಮಗಳು ಹುಟ್ಟಿದಾಗ ನರ್ಸಮ್ಮನನ್ನು, ಮಾಸನ್ನು ಮನೆಗೆ ಕೊಡುತ್ತೀರಾ ಎಂದು ಕೇಳಿದ್ದೆ. “ಅದೆಲ್ಲ ಕಸದ ಹಳದಿ ಕವರಿಗೆ ಹಾಕ್ಬಿಟ್ವಿ ಮೇಡಂ,” ಎಂದು ಆಕೆ ನಕ್ಕರು. ಈಗ ಮಕ್ಕಳು ಹೀಗೆಯೇ ಹುಟ್ಟುತ್ತಾರೆ, ಯಾವ ನೆಲಕ್ಕೂ ಸುದ್ದಿ ಮುಟ್ಟದಂತೆ.

ಮಸ್ಕತ್ತಿನಲ್ಲಿ ಹುಟ್ಟಿದ ನನ್ನನ್ನು ಇವತ್ತಿನವರೆಗೆ ಯಾರೂ ನೀನು ಎಲ್ಲಿಯವಳು ಎಂದು ಕೇಳಿಲ್ಲ. ತುಮಕೂರಿನಲ್ಲಿ ಹುಟ್ಟಿದ ಡೋಲ್ಮಾ, ನಿರಾಶ್ರಿತರ ಮಗಳೆಂದು ಇಲ್ಲಿ ಇರುವುದಕ್ಕೆ ಮತ್ತೆ ಮತ್ತೆ ಅನುಮತಿ ಪಡೆಯುತ್ತ ಬೆಳೆದು, ಕೊನೆಗೆ ಹಿಮ ಬೀಳುವ ಯಾವುದೋ ದೇಶಕ್ಕೆ ಹೋಗಿ ಸೇರಿದಳು. ಹೋದ ಡಿಸೆಂಬರಿನಲ್ಲಿ ಫೋನು ಮಾಡಿದ್ದಳು. ಕನ್ನಡ ಸ್ವಲ್ಪ ತಡವರಿಸುತ್ತದೆ, ಆದರೆ ಧಾಟಿ ನಮ್ಮ ಬೀದಿಯದೇ.

“ಪಕ್ಕದ್ಮನೆ ಅಜ್ಜಿ ಕೇಳಿದ್ಲು ಕಣೇ, ನಿಂದು ಯಾವ ದೇಶ ಅಂತ. ಟಿಬೆಟ್ ಅಂದೆ. ಹೆಂಗಿದೆ ಅಲ್ಲಿ ಅಂದ್ಲು. ನೋಡಿಲ್ಲ ಅಂದೆ. ಹುಟ್ಟಿದ್ದೆಲ್ಲಿ ಅಂದ್ಲು. ಇಂಡಿಯಾ ಅಂದೆ. ಹಾಗಾದ್ರೆ ಇಂಡಿಯನ್ನು ಅಂದ್ಲು. ಅಲ್ಲ ಅಂದೆ. ಪಾಪ, ಅವಳಿಗೇ ಸುಸ್ತಾಗಿ, ಟೀ ಕುಡೀತೀಯಾ ಅಂದ್ಲು.”

ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ನಗು ನಿಂತ ಮೇಲೆ ಅವಳೇ ಹೇಳಿದಳು:

“ಮೋಲಾ ಇದ್ದಿದ್ರೆ, ನಮ್ಮೋಳು ಅಂತಿದ್ಲು. ನಿಮ್ಮಜ್ಜಿ, ಸುಮ್ಕಿರಮ್ಮ ನಮ್ಮೋಳು ಅಂತ ಜಗಳಕ್ಕೆ ನಿಲ್ಲೋರು. ಈಗ ನನಗೋಸ್ಕರ ಜಗಳ ಆಡೋರು ಯಾರೂ ಇಲ್ಲ ಕಣೇ.”

ಅವಳು ಮರಕ್ಕೆ ಕಿವಿ ಒತ್ತುತ್ತಿದ್ದ ಹಾಗೆ, ನಾನು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದೆ. ಆ ಕಡೆಯಿಂದ ಅವಳ ಉಸಿರು ಕೇಳಿಸುತ್ತಿತ್ತು.