ಪೂರ್ತಿ ಒಂದು ನಿಮಿಷ ನಿಂತವರು

ನರ್ಸಿಂಗ್ ಎಂದರೆ ಸೂಜಿ ಚುಚ್ಚುವುದು, ಬ್ಯಾಂಡೇಜು ಕಟ್ಟುವುದು ಎಂದಷ್ಟೇ ಜನ ತಿಳಿದಿದ್ದ ಕಾಲದಲ್ಲಿ, ರೋಗಿಯ ಪಕ್ಕ ಸುಮ್ಮನೆ ನಿಂತು ನೋಡುವುದೂ ಒಂದು ವಿದ್ಯೆಯೆಂದು ತೋರಿಸಿಕೊಟ್ಟು, ಅದನ್ನು ಇಪ್ಪತ್ತೆಂಟು ವರ್ಷ ಬೇಸರಿಸದೆ ಕಲಿಸಿದವರು ನಮ್ಮ ಪ್ರಾಧ್ಯಾಪಕಿ. ಈ ಊರಿನ ಯಾವ ಆಸ್ಪತ್ರೆಗೆ ಹೋದರೂ ಅವರ ಕೈಯಲ್ಲಿ ಪಳಗಿದವರು ಒಬ್ಬರಾದರೂ ಸಿಗುತ್ತಾರೆ. ರೋಗಿಯ ಉಸಿರನ್ನು ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಸುಲಭದ ದಾರಿಯನ್ನು ಅವರು ಎಂದೂ ಒಪ್ಪದೆ ಪೂರ್ತಿ ಒಂದು ನಿಮಿಷ ಎಣಿಸಬೇಕೆನ್ನುತ್ತಿದ್ದುದರಿಂದ ನಾವೆಲ್ಲ ಬೆನ್ನ ಹಿಂದೆ ಅವರನ್ನು ‘ನಿಮಿಷದ ಮೇಡಂ’ ಎನ್ನುತ್ತಿದ್ದೆವು. ಇಂದು ಅವರ ಬೀಳ್ಕೊಡುಗೆಯ ಸಭೆಯಲ್ಲಿ ಮುಖದೆದುರೇ ಅನ್ನುತ್ತಿದ್ದೇನೆ, ಮನ್ನಿಸಬೇಕು.

ಹತ್ತು ವರ್ಷ ವಾರ್ಡಿನಲ್ಲಿ ದುಡಿದ ಮೇಲೆ ಅವರು ಈ ಖಾಸಗಿ ಕಾಲೇಜಿಗೆ ಬಂದರಂತೆ. ಆಗ ಕಾಲೇಜೆಂದರೆ ಬಾಡಿಗೆ ಕಟ್ಟಡದ ಎರಡನೆಯ ಮಹಡಿ, ನಾಲ್ಕು ಮಂಚ, ಒಂದು ತೋಳು ಕಳಚಿದ ಗೊಂಬೆ. ‘ಗೊಂಬೆ ಉಸಿರಾಡಲ್ಲ, ನೀವೇ ಮಲಗಿ’ ಎಂದು ವಿದ್ಯಾರ್ಥಿನಿಯರನ್ನು ಸರದಿಯಂತೆ ಮಲಗಿಸಿ ಉಸಿರು ಎಣಿಸುವುದನ್ನು ಕಲಿಸಿದರು. ಎಣಿಸುತ್ತಿದ್ದಾರೆಂದು ಗೊತ್ತಾದರೆ ಯಾರ ಉಸಿರಾದರೂ ಬದಲಾಗುತ್ತದೆ. ಆದ್ದರಿಂದ ನಾಡಿ ನೋಡುವವರಂತೆ ಮಣಿಕಟ್ಟು ಹಿಡಿದುಕೊಂಡೇ ಎದೆಯ ಏರಿಳಿತ ಎಣಿಸಬೇಕು. ರೋಗಿಗೆ ಹೇಳಬಹುದಾದ ಸುಳ್ಳು ಇದೊಂದೇ ಎಂದು ಅವರು ನಗುತ್ತಿದ್ದರು.

ನಾನು ಸೇರಿದಾಗ ನನಗೆ ಮೂವತ್ತೊಂದು ವರ್ಷ, ಎರಡು ಮಕ್ಕಳು. ಸಹಪಾಠಿಗಳೆಲ್ಲ ‘ಅಕ್ಕಾ’ ಎನ್ನುತ್ತಿದ್ದರು. ‘ಮಕ್ಕಳ ಜೊತೆ ಸೊಸೇನೂ ಯೂನಿಫಾರ್ಮ್ ಹಾಕ್ಕೊಂಡು ಹೊರಟ್ಳು, ನಂಗೆ ಮೂರು ಡಬ್ಬಿ ಕಟ್ಟೋ ಕೆಲಸ’ ಎಂದು ಅತ್ತೆ ಗೊಣಗುತ್ತಲೇ ಡಬ್ಬಿ ಕಟ್ಟಿಕೊಟ್ಟರು. ಆದರೆ ಮನೆಯಲ್ಲಿ ಆದ ಮಾತು ನಾಲ್ಕೇ ವರ್ಷದ್ದು. ಅತ್ತೆಯ ಮಂಡಿ ಅದಕ್ಕಿಂತ ಹೆಚ್ಚು ತಡೆಯುವಂತಿರಲಿಲ್ಲ. ಒಂದು ವರ್ಷ ಕೈಕೊಟ್ಟರೆ ಓದು ಅಲ್ಲಿಗೆ ಮುಗಿಯಿತೆಂದು ನಮಗೆಲ್ಲ ಗೊತ್ತಿತ್ತು.

ಮೂರನೆಯ ವರ್ಷದಲ್ಲಿ ಅದು ಹೆಚ್ಚುಕಡಿಮೆ ಆಗಿಯೇಹೋಗಿತ್ತು. ಚಿಕ್ಕವನ ಜ್ವರದಿಂದ ನಿದ್ದೆಗೆಟ್ಟು ವಾರ್ಡಿಗೆ ಬಂದಿದ್ದ ನಾನು, ಆರು ರೋಗಿಗಳ ಜ್ವರ, ನಾಡಿ, ರಕ್ತದೊತ್ತಡಗಳನ್ನು ಸರಿಯಾಗಿಯೇ ನೋಡಿ, ಉಸಿರಿನ ಅಂಕಣದಲ್ಲಿ ಮಾತ್ರ ಎಣಿಸದೆಯೇ ಆರೂ ಜನಕ್ಕೆ ಸಹಜ ಅಂಕಿಯಾದ ಹದಿನೆಂಟು ಎಂದು ಬರೆದುಬಿಟ್ಟೆ. ಈ ವೃತ್ತಿಯಲ್ಲಿ ಇಂಥ ಹದಿನೆಂಟುಗಳು ಎಷ್ಟಿವೆಯೋ! ಮೇಡಂ ಚಾರ್ಟುಗಳನ್ನು ಒಂದೊಂದಾಗಿ ತಿರುವಿ, ಮೂರನೆಯ ಮಂಚದ ವೃದ್ಧ ದರ್ಜಿಯ ಮಣಿಕಟ್ಟು ಹಿಡಿದು ನಿಂತರು.

‘ಎಣಿಸಿದ್ಯೇನಮ್ಮಾ?’

ನಾನು ಇಲ್ಲವೆಂದು ತಲೆಯಾಡಿಸಿದೆ.

‘ಮೂವತ್ತೆರಡಿದೆ. ಮೊದ್ಲು ಡಾಕ್ಟರನ್ನ ಕರಿ, ಅಳೋದು ಆಮೇಲೆ.’

ಆ ದರ್ಜಿಯವರ ಶ್ವಾಸಕೋಶದಲ್ಲಿ ನೀರು ತುಂಬತೊಡಗಿತ್ತು. ಸಮಯಕ್ಕೆ ಚಿಕಿತ್ಸೆ ಸಿಕ್ಕಿ ಸಂಜೆಗೆ ಚೇತರಿಸಿಕೊಂಡರು. ವಿಷಯ ತಿಳಿದು, ‘ಅಳತೆ ತಗೊಳ್ದೆ ಬಟ್ಟೆ ಕತ್ತರಿಸಿದ್ಯಲ್ಲಮ್ಮಾ’ ಎಂದರು. ಅವರು ಬೈದಿದ್ದರೆ ವಾಸಿಯಿತ್ತು.

ಮೇಡಂ ಅಂದೇ ಪ್ರಾಂಶುಪಾಲರಿಗೆ ಲಿಖಿತವಾಗಿ ತಿಳಿಸಿದರು. ಒಂದು ಮಾತು ಎಚ್ಚರಿಕೆ ಕೊಟ್ಟು ಬಿಟ್ಟುಬಿಡಬಹುದಿತ್ತಲ್ಲ ಎಂದು ನನಗೆ ಅವರ ಮೇಲೆ ಕೆಟ್ಟ ಸಿಟ್ಟು ಬಂದಿತ್ತೆಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ. ನನ್ನನ್ನು ಇನ್ನೊಂದು ವರ್ಷ ಅದೇ ತರಗತಿಯಲ್ಲಿ ಉಳಿಸಬೇಕೆಂದು ಅಧ್ಯಾಪಕರ ಸಭೆಯಲ್ಲಿ ಬಹುಪಾಲು ಎಲ್ಲರೂ ಹೇಳಿದ್ದರಂತೆ. ಆಗ ಮೇಡಂ ನನ್ನ ಆರೂ ಚಾರ್ಟುಗಳನ್ನು ಮೇಜಿನ ಮೇಲೆ ಹರಡಿದರೆಂದು ಪ್ರಾಂಶುಪಾಲರೇ ನನಗೆ ಆಮೇಲೆ ಹೇಳಿದರು. ‘ಮೂರನೇ ಮಂಚದ್ದು ನಾನು ಹಿಡಿದೆ. ಮಿಕ್ಕ ಐದನ್ನೂ, ಮೊದಲು ಬರೆದದ್ದು ಕಾಣೋ ಹಾಗೆ ಒಂದೇ ಗೆರೆ ಎಳೆದು ಹೊಡೆದುಹಾಕಿ, ಮತ್ತೆ ಎಣಿಸಿ ಬರೆದು, ಸಹಿ ಹಾಕಿದ್ದಾಳೆ. ಹಾಗೆ ಮಾಡು ಅಂತ ನಾನು ಹೇಳಿರಲಿಲ್ಲ. ಒಂದು ವರ್ಷ ಹೋದ್ರೆ ಇವಳ ಓದೇ ನಿಂತುಹೋಗುತ್ತೆ. ಇಂಥವಳನ್ನ ಮನೆಗೆ ಕಳಿಸಿ ಯಾರನ್ನ ಇಟ್ಕೊತೀರಿ?’

ಕೊನೆಗೆ, ರಜೆಯಲ್ಲಿ ಇಪ್ಪತ್ತನಾಲ್ಕು ದಿನ ನಾನು ಅದೇ ವಾರ್ಡಿನಲ್ಲಿ ಮತ್ತೆ ಕೆಲಸ ಮಾಡಬೇಕು, ಮೇಡಂ ಒಪ್ಪಿದರಷ್ಟೇ ಪರೀಕ್ಷೆಗೆ ಕೂರಬಹುದು ಎಂದು ತೀರ್ಮಾನವಾಯಿತು. ಅಷ್ಟೂ ದಿನ ಅವರು ತಮ್ಮ ರಜೆ ಬಿಟ್ಟು ಬಂದರು. ಪ್ರತಿಯೊಬ್ಬ ರೋಗಿಯ ಬಳಿಯೂ ಇಬ್ಬರೂ ನಿಂತು ಎಣಿಸಿ, ಬೇರೆ ಬೇರೆ ಚೀಟಿಯಲ್ಲಿ ಬರೆದು ಹೋಲಿಸುತ್ತಿದ್ದೆವು. ಮೊದಲ ವಾರ ನನ್ನದು ಅವರದಕ್ಕೆ ತಾಳೆಯಾದದ್ದು ಅಪರೂಪ. ಇಪ್ಪತ್ತನಾಲ್ಕನೆಯ ದಿನ ಅವರು ಚೀಟಿಯನ್ನೇ ತೆಗೆಯಲಿಲ್ಲ. ನಾನು ಬರೆದ ಅಂಕಿಗಳ ಕೆಳಗೆ ಸಹಿ ಹಾಕಿ, ‘ಹೋಗಿ ಓದ್ಕೋ’ ಎಂದರು. ನಾಲ್ಕು ವರ್ಷದೊಳಗೇ ಪದವಿ ಮುಗಿಯಿತು. ಫಲಿತಾಂಶದ ದಿನ ಅತ್ತೆ, ‘ನಾಳೆಯಿಂದ ಎರಡೇ ಡಬ್ಬಿ’ ಎಂದು ಘೋಷಿಸಿ, ಮರುದಿನವೂ ಮೂರು ಕಟ್ಟಿದರು.

ಇಂದು ನಾನು ನಲವತ್ತು ಹಾಸಿಗೆಗಳ ವಾರ್ಡಿನ ಮುಖ್ಯಸ್ಥೆ. ಮೇಡಂ ಅವರ ಶಿಷ್ಯೆ ಎಂದುಕೊಳ್ಳುವುದರಲ್ಲಿ ನನಗಿರುವ ಹೆಮ್ಮೆ ಆ ಹುದ್ದೆಯಿಂದ ಬಂದದ್ದಲ್ಲ, ಅಂದಿನ ಆ ಸಹಿಯಿಂದ ಬಂದದ್ದು. ಕಳೆದ ವಾರ ಅವರ ಮನೆಗೆ ಹೋಗಿ, ನಿವೃತ್ತಿಯ ನಂತರ ತಿಂಗಳಿಗೊಮ್ಮೆಯಾದರೂ ಬಂದು ನಮ್ಮ ಹೊಸ ನರ್ಸುಗಳಿಗೆ ಉಸಿರು ಎಣಿಸುವುದನ್ನು ಕಲಿಸಬೇಕೆಂದು ಬೇಡಿಕೊಂಡೆ. ಬೇರೆ ಯಾವ ಪಾಠಕ್ಕಾದರೂ ಸಂತೋಷದಿಂದ ಬರುತ್ತೇನೆ ಎಂದ ಅವರು ಈ ಒಂದಕ್ಕೆ ಮಾತ್ರ ಒಪ್ಪಲಿಲ್ಲ.

‘ಅದಕ್ಕೆ ನಾನ್ಯಾಕೆ? ನೀನಿದ್ದೀಯಲ್ಲ.’

ಅವರು ನೂರ್ಕಾಲ ಆರೋಗ್ಯವಾಗಿರಲಿ, ಉಳಿದ ಪಾಠಗಳನ್ನು ಹೇಳುತ್ತಲೇ ಇರಲಿ. ಆ ಒಂದು ಪಾಠದ ಹೊಣೆ ನನ್ನದು.