ಬೆವರು ನಿಂತ ಮಧ್ಯಾಹ್ನ

ಮೊದಲು ನಿಂತದ್ದು ಬೆವರು.

ಅದನ್ನು ಗಮನಿಸಿದ್ದೆ. ಸದ್ಯ, ಟೆರಿಲಿನ್ ಅಂಗಿ ಬೆನ್ನಿಗೆ ಅಂಟುವುದು ತಪ್ಪಿತು ಅಂದುಕೊಂಡೆ. ಏಪ್ರಿಲ್ ತಿಂಗಳು, ಮಧ್ಯಾಹ್ನ ಎರಡು ಗಂಟೆ ಇರಬಹುದು. ಮಾಗಡಿ ರಸ್ತೆಯಲ್ಲಿ ಹೇರೋಹಳ್ಳಿ ಕಡೆ ಮೋಟಾರ್‌ಸೈಕಲ್ ಓಡಿಸುತ್ತಿದ್ದೆ. ತಲೆ ಸಿಡಿಯುತ್ತಿತ್ತು. ತೊಡೆ ಹಿಡಿದುಕೊಂಡು ಬ್ರೇಕ್ ಒತ್ತಲು ಆಗುತ್ತಿರಲಿಲ್ಲ. ಆ ಉರಿಬಿಸಿಲಿನಲ್ಲಿ ಇದ್ದಕ್ಕಿದ್ದಂತೆ ಮೈ ಜುಮ್ಮೆಂದು ಚಳಿಯಾಯಿತು.

ಆಮೇಲಿನದು ನನಗೆ ಸರಿಯಾಗಿ ನೆನಪಿಲ್ಲ.

ನಾನು ದನದ ಡಾಕ್ಟರು. ಮನೆ ರಾಜಾಜಿನಗರದಲ್ಲಿ. ಹೆಂಡತಿ ಪಾರ್ವತಿ ಅಲ್ಲೇ ಮಿಡ್ಲ್ ಸ್ಕೂಲಿನಲ್ಲಿ ಟೀಚರ್. ಆ ವಾರ ಸುತ್ತಲ ಹಳ್ಳಿಗಳಲ್ಲಿ ಕಾಲುಬಾಯಿ ಜ್ವರ ಎದ್ದಿತ್ತು. ಕೆಂಗೇರಿ, ಶ್ರೀಗಂಧದ ಕಾವಲ್, ಹೇರೋಹಳ್ಳಿ ಎಂದು ಮೂರು ದಿನದಿಂದ ತಿರುಗಿ ಲಸಿಕೆ ಹಾಕುತ್ತಿದ್ದೆ. ಲಸಿಕೆ ಕೆಡಬಾರದೆಂದು ಗಾಡಿಯ ಹಿಂದಿನ ಪೆಟ್ಟಿಗೆಯಲ್ಲಿ ಐಸ್ ತುಂಬಿಸಿಕೊಂಡು ಹೊರಡುತ್ತಿದ್ದೆ. ನನಗೆಂದು ಒಂದು ಬಾಟಲಿ ನೀರೂ ಇರಲಿಲ್ಲ. ಹಿಂದಿನ ವರ್ಷ ಕಾಮಾಲೆಯಾಗಿದ್ದರಿಂದ ಹೊರಗಿನ ನೀರು ಮುಟ್ಟುತ್ತಿರಲಿಲ್ಲ. ಮನೆಯಿಂದಲೇ ಒಯ್ಯಿರಿ ಎಂದು ಪಾರ್ವತಿ ದಿನಾ ಹೇಳುತ್ತಿದ್ದಳು. "ಬಳ್ಳಾರಿಯಲ್ಲಿ ಬೆಳೆದವನಿಗೆ ಈ ಬೆಂಗಳೂರು ಬಿಸಿಲು ಯಾವ ಲೆಕ್ಕ ಕಣೇ" ಅನ್ನುತ್ತಿದ್ದೆ. ಗಾಡಿ ಓಡುವಾಗ ಮುಖಕ್ಕೆ ಗಾಳಿ ಬಡಿಯುತ್ತದಲ್ಲ, ತಂಪೆನಿಸುತ್ತಿತ್ತು. ಆ ಬಿಸಿಗಾಳಿಯೇ ಮೈಯ ನೀರನ್ನೆಲ್ಲ ಹೀರುತ್ತಿತ್ತು ಎಂಬುದು ತಲೆಗೆ ಹೋಗಲಿಲ್ಲ.

ಹೇರೋಹಳ್ಳಿಯ ಗಂಗಮ್ಮನ ಮನೆ ಮುಂದೆ ಗಾಡಿ ಸಮೇತ ಬಿದ್ದೆನಂತೆ. ಆಕೆ ನಾಲ್ಕು ಎಮ್ಮೆ ಸಾಕಿಕೊಂಡು ಹಾಲು ಮಾರುವ ಹೆಂಗಸು. ನನ್ನ ಹಣೆ ಮುಟ್ಟಿ ನೋಡಿದವಳೇ ಗಂಡನನ್ನು ಕೂಗಿ, ಇಬ್ಬರೂ ಸೇರಿ ನನ್ನನ್ನು ಕೊಟ್ಟಿಗೆಯ ನೆರಳಿಗೆ ಎಳೆದುಕೊಂಡರು. ಅಂಗಿ ಬಿಚ್ಚಿ, ಎಮ್ಮೆಗೆಂದು ಸೇದಿಟ್ಟಿದ್ದ ನೀರನ್ನು ಕೊಡಗಟ್ಟಲೆ ಮೈಮೇಲೆ ಸುರಿದರು. ಒದ್ದೆ ಗೋಣಿಚೀಲ ಹೊದಿಸಿ ಮೊರದಿಂದ ಗಾಳಿ ಹಾಕಿದರು. ಆಮೇಲೆ ಆಕೆ ಗಾಡಿಯ ಪೆಟ್ಟಿಗೆ ತೆಗೆದು, ಐಸನ್ನೆಲ್ಲ ಸೀರೆ ಸೆರಗಿಗೆ ಸುರಿದುಕೊಂಡು ಬಂದಳು.

ಅಷ್ಟು ಮಾತ್ರ ಮಸುಕಾಗಿ ನೆನಪಿದೆ. "ಬೇಡಮ್ಮ, ಲಸಿಕೆ ಕೆಟ್ಟುಹೋಗುತ್ತೆ" ಎಂದು ತೊದಲಿದೆ.

"ಔಸ್ದಿ ಕೆಟ್ರೆ ಬೇರೆ ತರ್ಬೋದು ಸಾಮಿ. ನಿಮ್ಮನ್ನ ಎಲ್ಲಿಂದ ತರೋದು?" ಎಂದು ನೆತ್ತಿಗೆ, ಕಂಕುಳಿಗೆ ಐಸ್ ಒತ್ತಿದಳು.

ಚಪ್ಪಡಿ ಕಲ್ಲಿನ ಲಾರಿಯೊಂದನ್ನು ತಡೆದು ಆಕೆಯ ಗಂಡ ನನ್ನನ್ನು ದೊಡ್ಡಾಸ್ಪತ್ರೆಗೆ ತಂದು ಸೇರಿಸಿದ. ಕಣ್ಣು ಬಿಟ್ಟಾಗ ಕೈಗೆ ಡ್ರಿಪ್ ಹಾಕಿದ್ದರು. ಪಕ್ಕದಲ್ಲಿ ಪಾರ್ವತಿ, ಕೈಗೆ ಮೆತ್ತಿದ್ದ ಸೀಮೆಸುಣ್ಣ ಇನ್ನೂ ಹಾಗೇ ಇತ್ತು.

ಹಣೆಯ ಶಾಖ ಇಳಿದಿತ್ತು. ಗಂಡಾಂತರ ಕಳೆಯಿತೆಂದೇ ನಾವಿಬ್ಬರೂ ತಿಳಿದೆವು.

ಮಾರನೆಯ ದಿನ ಮೂತ್ರ ನಿಂತಿತು.

ಬಂದ ನಾಲ್ಕು ಹನಿಯೂ ಕಾಫಿ ಡಿಕಾಕ್ಷನ್ ಬಣ್ಣ. ಡಾಕ್ಟರು ಟ್ಯೂಬ್ ಹಾಕಿಸಿ, ಮಂಚದ ಕೆಳಗೆ ಗೆರೆ ಹಾಕಿದ ಬಾಟಲಿ ಇಡಿಸಿದರು.

"ಬಿದ್ದ ದಿನ ಎಷ್ಟು ನೀರು ಕುಡಿದಿದ್ರಿ?" ಎಂದು ಕೇಳಿದರು.

"ಬೆಳಗ್ಗೆ ಒಂದು ಲೋಟ ಕಾಫಿ ಸಾರ್. ಹನ್ನೊಂದಕ್ಕೆ ಒಂದು ಟೀ."

"ಒಂದು ಹಸುನ ಹಾಗೆ ಇಟ್ಟಿದ್ರೆ ಅದರ ಯಜಮಾನನಿಗೆ ಏನು ಹೇಳ್ತಿದ್ರಿ?"

ಚೆನ್ನಾಗಿ ಬೈದಿರುತ್ತಿದ್ದೆ.

ಹೀಟ್ ಸ್ಟ್ರೋಕ್‌ನಿಂದ ಕಿಡ್ನಿಗೆ ಪೆಟ್ಟಾಗಿದೆ, ಎರಡು ಮೂರು ದಿನ ಕಾಯೋಣ, ಆಗಲೂ ಮೂತ್ರ ಬರದಿದ್ದರೆ ಡಯಾಲಿಸಿಸ್‌ಗೆ ವೆಲ್ಲೂರಿಗೆ ಕಳಿಸಬೇಕಾಗುತ್ತದೆ ಎಂದರು. ಆಮೇಲೆ ಪಾರ್ವತಿಯನ್ನು ಕಾರಿಡಾರಿಗೆ ಕರೆದುಕೊಂಡು ಹೋಗಿ ಇನ್ನೂ ಏನೋ ಹೇಳಿದರು. ಏನೆಂದು ಅವಳು ಇವತ್ತಿಗೂ ಹೇಳಿಲ್ಲ. ನಾನೂ ಕೇಳಿಲ್ಲ.

ಆಗ ಬಾಯಾರಿಕೆ ಶುರುವಾಯಿತು. ನೀರಿದ್ದಾಗ ಕುಡಿಯದವನು ಈಗ ನೀರಿಗೆ ಅಂಗಲಾಚುತ್ತಿದ್ದೆ. ಕೊಡುವ ಹಾಗಿರಲಿಲ್ಲ. ಹೊರಗೆ ಹೋಗದ ನೀರು ಶ್ವಾಸಕೋಶಕ್ಕೆ ತುಂಬಿಕೊಳ್ಳುತ್ತದೆ ಎಂದು ಅಳತೆ ಹಾಕಿದ್ದರು. ಪಾರ್ವತಿ ಹತ್ತಿ ಒದ್ದೆ ಮಾಡಿ ತುಟಿಗೆ ಒತ್ತುತ್ತಿದ್ದಳು. ದೂರದ ನಲ್ಲಿಯ ಸದ್ದು ಕೇಳಿದರೂ ಕಣ್ಣು ತುಂಬುತ್ತಿತ್ತು. ಮೈಯೊಳಗೆ ನೀರು ಬರುವುದು, ಹೋಗುವುದು, ಇಷ್ಟು ಸಣ್ಣ ವ್ಯವಹಾರದ ಮೇಲೆ ನನ್ನ ಸಂಬಳ, ಮನೆ, ಸಿಟ್ಟು, ಜಂಬ ಎಲ್ಲವೂ ನಿಂತಿದೆಯೆಂದು ನಲವತ್ತೆರಡು ವರ್ಷ ನನಗೆ ಹೊಳೆದೇ ಇರಲಿಲ್ಲ.

ಅವಳು ಮಾತ್ರ ಬಾಟಲಿಯಿಂದ ಕಣ್ಣು ತೆಗೆಯಲಿಲ್ಲ. ಗಂಟೆಗೊಮ್ಮೆ ಬಗ್ಗಿ ನೋಡುವಳು, ಮತ್ತೆ ಕೂರುವಳು.

ನಾಲ್ಕನೆಯ ಬೆಳಗ್ಗೆ, ಇನ್ನೂ ಸಿಸ್ಟರ್ ರೌಂಡ್ಸಿಗೆ ಬಂದಿರಲಿಲ್ಲ. ಬಗ್ಗಿದವಳು ಎದ್ದೇಳಲೇ ಇಲ್ಲ.

"ರೀ..." ಅಂದಳು. "ಮೂರನೇ ಗೆರೆ ದಾಟಿದೆ. ತಿಳಿಯಾಗಿದೆ ಕಣ್ರೀ."

ಎದ್ದವಳೇ ಆ ಉದ್ದದ ವಾರ್ಡಿನಲ್ಲಿ ಚಪ್ಪಲಿ ಇಲ್ಲದೆ ಓಡಿದಳು. "ಸಿಸ್ಟರ್, ಬಂತು! ಬಂತು ಸಿಸ್ಟರ್!" ಪಕ್ಕದ ಮಂಚಗಳವರು ಯಾರೋ ಮಂತ್ರಿ ಬಂದರೆಂದು ಎದ್ದು ಕೂತರು.

ಸಂಜೆಯ ಹೊತ್ತಿಗೆ ಎರಡು ಬಾಟಲಿ. ಡಾಕ್ಟರು ಬಾಟಲಿಯನ್ನು ಬೆಳಕಿಗೆ ಹಿಡಿದು ನಕ್ಕರು. "ಆ ಹೆಂಗಸು ಮೈ ತಣ್ಣಗೆ ಮಾಡದೇ ಹಾಗೇ ಕಳಿಸಿದ್ದಿದ್ರೆ, ನಮಗೆ ಮಾಡೋಕೆ ಏನೂ ಉಳೀತಿರಲಿಲ್ಲ" ಎಂದರು.

ಮನೆಗೆ ಬಂದಮೇಲೂ ಕಾಲಿನಲ್ಲಿ ಬಲವಿರಲಿಲ್ಲ. ಮೊದಲ ವಾರ ಬೀದಿಯ ಕೊನೆಯವರೆಗೆ, ಆಮೇಲೆ ಪಾರ್ಕಿಗೆ ಒಂದು ಸುತ್ತು, ಆಮೇಲೆ ಮೂರು. ಈಗ ಕೆಲಸಕ್ಕೆ ಮರಳಿದ್ದೇನೆ. ಆರಕ್ಕೇ ಹೊರಟು ಹತ್ತೂವರೆಗೆ ನೆರಳು ಸೇರುತ್ತೇನೆ. ತೋಳು ಪೂರ್ತಿ ಮುಚ್ಚುವ ಹತ್ತಿ ಅಂಗಿ, ಕತ್ತಿಗೆ ಒದ್ದೆ ಟವೆಲ್. ಒಂದು ಬಾಟಲಿಯಲ್ಲಿ ಕಾಯಿಸಿ ಆರಿಸಿದ ನೀರು, ಇನ್ನೊಂದರಲ್ಲಿ ನಿಂಬೆ, ಉಪ್ಪು, ಸಕ್ಕರೆ ಕದಡಿದ್ದು. ಬಾಯಾರುವ ತನಕ ಕಾಯುವುದಿಲ್ಲ. ಆದರೂ ತಲೆನೋವು ಬಂದರೆ ಮೊದಲು ಬೆನ್ನು ಮುಟ್ಟಿಕೊಳ್ಳುತ್ತೇನೆ, ಬೆವರಿದೆಯೇ ಎಂದು. ಆ ಹೆದರಿಕೆ ಹೋಗಿಲ್ಲ. ಹೋಗದಿದ್ದರೇ ಒಳ್ಳೆಯದೇನೋ.

ಹೋದ ಭಾನುವಾರ ಬೆಳಗ್ಗೆ ಪಾರ್ವತಿಯನ್ನು ಹಿಂದೆ ಕೂರಿಸಿಕೊಂಡು ಗಂಗಮ್ಮನ ಮನೆಗೆ ಹೋಗಿದ್ದೆ. ಕಾಲಿಗೆ ಬೀಳಲು ಹೋದ ಪಾರ್ವತಿಯನ್ನು ಆಕೆ ತಡೆದು, ಇಬ್ಬರಿಗೂ ದೊಡ್ಡ ಲೋಟದಲ್ಲಿ ಮಜ್ಜಿಗೆ ಕೊಟ್ಟಳು. ಎರಡು ಲೋಟ ಕುಡಿದೆ.

ಹಿಂದಿರುಗುವಾಗ ದಾರಿಯಲ್ಲಿ ತಡೆಯಲಾಗಲಿಲ್ಲ. ಲಂಟಾನ ಬೇಲಿಯ ಹತ್ತಿರ ಗಾಡಿ ನಿಲ್ಲಿಸಿ ನಾಚಿಕೆಯಿಂದ ಅವಳ ಕಡೆ ನೋಡಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗತೊಡಗಿದಳು. ಎಷ್ಟೋ ದಿನವಾಗಿತ್ತು, ಆ ನಗು ಕೇಳಿ.

"ಹೋಗಿ ಬನ್ನಿ" ಅಂದಳು. "ನಿಧಾನವಾಗಿ. ಯಾವ ಅವಸರವೂ ಇಲ್ಲ."